ಐ, ಡಬಲ್ ಎಲ್

ಹುಕ್ಕೇರಿಯ ನನ್ನ ಬಳೆ ಅಂಗಡಿಗೆ ಕೆಲಸಕ್ಕೆ ಬರುವ ಹುಡುಗಿಯರಿಗೆ ಮೊದಲ ದಿನ ನಾನು ಬಳೆಯ ಅಳತೆ ಕಲಿಸುವುದಿಲ್ಲ, ಬಣ್ಣ ಕಲಿಸುವುದಿಲ್ಲ. ಬಾಯಿ ಕಲಿಸುತ್ತೇನೆ. ಗಿರಾಕಿ ಕೇಳಿದ ಮಾಲು ಕಪಾಟಿನಲ್ಲಿ ಇರಲಿ ಬಿಡಲಿ, 'ಇಲ್ಲ' ಅನ್ನಬಾರದು. 'ನಾಳಿಗೆ ಬರ್ತಾವ್ರಿ' ಅನ್ನಬೇಕು. 'ಇದನ್ನ ಒಂದ್ಸಲ ಕೈಗೆ ಏರಿಸಿ ನೋಡ್ರಿ' ಅನ್ನಬೇಕು. ಬಳೆ ಕೈಯಲ್ಲಿ ಚಟ್ಟನೆ ಒಡೆದರೆ 'ಹೆಚ್ಚಿದ್ವು' ಅನ್ನಬೇಕು, 'ಒಡದ್ವು' ಅಂದರೆ ಆ ಹೆಣ್ಣುಮಗಳು ಮತ್ತೆ ನಮ್ಮ ಕಟ್ಟೆ ಹತ್ತುವುದಿಲ್ಲ. ಯಾರಾದರೂ ಹೊಸದಾಗಿ ಅಂಗಡಿ ಇಡುವವರಿದ್ದರೆ ಇದೊಂದು ಮಾತು ನನ್ನಿಂದ ಪುಕ್ಕಟೆ ತಗೊಳ್ಳಲಿ. 'ಇಲ್ಲ' ಅಂದ ಕೂಡಲೇ ಗಿರಾಕಿಯ ಪಾದ ಬಾಜೂ ಅಂಗಡಿಯ ಕಡೆ ತಿರುಗುತ್ತದೆ. ಹತ್ತರಗಿ, ಕಣಗಲಾ ಕಡೆ ಬುಟ್ಟಿ ಹೊತ್ತು ಮನೆ ಮನೆ ತಿರುಗಿ ಬಳೆ ಇಡಿಸುತ್ತಿದ್ದ ದಿನಗಳಲ್ಲೇ ಇದು ನನಗೆ ಗೊತ್ತಾಗಿತ್ತು.

ಹುಡುಗಿಯರಿಗೆ ನಾನು ಹೇಳುವ ಕಾರಣ ಇಷ್ಟು. ಇನ್ನೊಂದು ಕಾರಣ ಇದೆ, ಅದು ವ್ಯಾಪಾರದ್ದಲ್ಲ. ಅದು ನಾನು ಏಳನೇ ಇಯತ್ತೆಯಲ್ಲಿದ್ದಾಗಿನ ಒಂದು ಇಂಗ್ಲಿಷ್ ಟೆಸ್ಟ್ ವಾರದ್ದು.

ತೊಂಬತ್ತರ ದಶಕದ ಕೊನೆಯ ಮಾತು. ಅವ್ವ ಗೋಕಾಕದ ದವಾಖಾನೆ ಸೇರಿದ್ದಳು. ಅಪ್ಪ ಅವಳ ಜತೆಗೆ ಅಲ್ಲೇ ಇದ್ದ. ಹುಕ್ಕೇರಿಯ ನಮ್ಮ ಮನೆಗೆ ಕೀಲಿ ಹಾಕಿ, ನನ್ನನ್ನು ಮೂಡಲಗಿಯಲ್ಲಿದ್ದ ಅವ್ವನ ತವರಿಗೆ ಕಳಿಸಿದ್ದರು. ಆ ಮನೆಯಲ್ಲಿ ಇದ್ದವರು ಆಯಿ, ಅಂದರೆ ಅವ್ವನ ಅವ್ವ, ಮತ್ತು ಇನ್ನೂ ಮದುವೆಯಾಗದ ನನ್ನ ಮಾಮಾ. ಮಾಮಾ ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ದಿನ ಬಿಟ್ಟು ದಿನ ಆಯಿ ಕಟ್ಟಿಕೊಟ್ಟ ಬುತ್ತಿ ಹಿಡಿದು ಗೋಕಾಕಕ್ಕೆ ಹೋಗಿ ಬರುತ್ತಿದ್ದ.

ವರ್ಷದ ನಡುವೆ ಬಂದವಳೆಂದು ಸಾಲಿಯಲ್ಲಿ ನನ್ನನ್ನು ಸುಮ್ಮನೆ ಸೇರಿಸಿಕೊಂಡಿರಲಿಲ್ಲ. ಹೆಡ್‌ಮಾಸ್ತರು ಮಾಮಾನಿಗೆ ಖಡಾಖಂಡಿತ ಹೇಳಿದ್ದರು: 'ಪಬ್ಲಿಕ್ ಪರೀಕ್ಷಾ ಇರೂ ವರ್ಷ ಇದು. ಕೇಳದ ಸಾಲಿ ತಪ್ಪಿಸಿದ್ರ ಹೆಸರ ಹೊಡದ ಹಾಕ್ತೇನಿ, ಆಮ್ಯಾಲ ನನ್ನ ಕಾಲ ಹಿಡೀಬ್ಯಾಡ್ರಿ.' ಮಾಮಾ ಎರಡೂ ಕೈ ಜೋಡಿಸಿ 'ತಪ್ಪಸೂದಿಲ್ರಿ' ಅಂದು ಬಂದಿದ್ದ. ಹೀಗಾಗಿ ಸೂಟಿ, ಅಂದರೆ ರಜೆ, ಬೇಕಾದರೆ ವರ್ಗದ ಮಾಸ್ತರರ ಬಾಯಿಂದ 'ಹೋಗು' ಅನ್ನಿಸಿಕೊಂಡೇ ಹೋಗಬೇಕಿತ್ತು. ನಮ್ಮ ವರ್ಗದ ಮಾಸ್ತರರು ಅಂದರೆ ಇಂಗ್ಲಿಷ್ ಸರ್.

ಆಯಿಯ ಮನೆಯಲ್ಲಿ ಒಂದು ಕಟ್ಟು ಇತ್ತು. ಅಕ್ಕಿ ತೀರಿದರೆ 'ಅಕ್ಕಿ ಹೆಚ್ಚ್ಯಾವ' ಅನ್ನಬೇಕು. ದೀಪ ಆರಿಸುವಾಗ 'ದೊಡ್ಡದ ಮಾಡು' ಅನ್ನಬೇಕು. ಹೊರಗೆ ಹೊರಟವರು 'ಹೋಗಿ ಬರ್ತೇನಿ' ಅನ್ನಬೇಕು, ಬರಿದೇ 'ಹೋಗ್ತೇನಿ' ಅಂದರೆ ಹೊಸ್ತಿಲಿನಿಂದ ಒಳಗೆ ಕರೆದು ಕೂಡಿಸಿ, ನೀರು ಕುಡಿಸಿ, ಮತ್ತೆ ಹೊಸದಾಗಿ ಹೊರಡಿಸುತ್ತಿದ್ದಳು. ಹೋದ ಹೊಸದರಲ್ಲಿ ಒಂದು ಸಂಜೆ ನಾನು ಒಲೆಯ ಮುಂದೆ ನಿಂತು 'ಆಯಿ, ಡಬ್ಬ್ಯಾಗ ಉಪ್ಪ ಇಲ್ಲ' ಅಂದೆ. ಆಯಿ ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಬಿಟ್ಟು ಬಂದು ನನ್ನ ತುಟಿಯ ಮೇಲೆ ಎರಡು ಬೆರಳಿಂದ ತಟ್ಟಿದಳು.

'ದೀಪಾ ಹಚ್ಚೂ ಹೊತ್ತಿನ್ಯಾಗ ಇಲ್ಲ ಅಂತಾರೇನ? ಅಸ್ತು ದ್ಯಾವರು ಮನಿ ಮ್ಯಾಲ ಅಡ್ಡಾಡತಿರ್ತಾರ. ನೀ ಅಂದದ್ದ ಕೇಳಿ ಅಸ್ತು ಅಂದ್ಬಿಟ್ರ?'

'ಉಪ್ಪ ಖರೇನ ಇಲ್ಲ ಆಯಿ.'

'ಉಪ್ಪ ಹೆಚ್ಚೇತಿ ಅನ್ನು. ನಿಮ್ಮವ್ವನ್ನ ಅಲ್ಲಿ ಮಲಗಿಸೇವಿ, ನೀ ಇಲ್ಲಿ ಮನಿ ತುಂಬ ಇಲ್ಲ ಇಲ್ಲ ಅನ್ಕೋತ ಅಡ್ಡಾಡಬ್ಯಾಡ.'

ತುಟಿಗೆ ಹಿಟ್ಟು ಅಂಟಿತ್ತು. ಒರೆಸಿಕೊಳ್ಳಲಿಲ್ಲ. ಉಪ್ಪಿನ ಮಾತು ಅವ್ವನವರೆಗೆ ಹೋಗುತ್ತದೆ ಅಂತ ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಆ ದಿನದಿಂದ 'ಇಲ್ಲ' ಅನ್ನುವುದನ್ನು ಬಿಟ್ಟೆ. ಯಾರಾದರೂ 'ಊಟ ಆತೇನ?' ಅಂದರೆ 'ಆಗೂದೈತಿ' ಅನ್ನುತ್ತಿದ್ದೆ. ಎಲ್ಲದಕ್ಕೂ ಒಂದು ಅಡ್ಡದಾರಿ ಇರುತ್ತದೆ. ಇಂಗ್ಲಿಷ್ ಸರ್ ಆ ದಾರಿ ಮುಚ್ಚುವವರೆಗೆ ನನಗೆ ಅಂಥ ತೊಂದರೆ ಏನೂ ಆಗಲಿಲ್ಲ.

ಸರ್ ತುಮಕೂರು ಕಡೆಯವರು. ಹೊಸ ನೌಕರಿ, ಎಳೆ ಮೀಸೆ, ಇಸ್ತ್ರಿ ಅಂಗಿ. ನಮ್ಮ ಮಾತು ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರದು ನಮಗೆ ಮುಕ್ಕಾಲು. ಕೆಟ್ಟವರಲ್ಲ, ಹೊಡೆಯುತ್ತಿರಲಿಲ್ಲ. ಕನ್ನಡ ಸಾಲಿಯ ಮಕ್ಕಳು ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆಯುತ್ತಾರೆ ಅನ್ನುವ ಚಿಂತೆ ಅವರನ್ನು ತಿನ್ನುತ್ತಿತ್ತು. ಸೋಮವಾರ ಹಲಗೆಯ ಮೇಲೆ ಶಬ್ದಗಳನ್ನು ಬರೆದು, ಸುಣ್ಣದ ಕೈ ಒರೆಸಿಕೊಳ್ಳುತ್ತಾ ಹೇಳಿದರು:

'ಈ ವಾರ ಪೂರ್ತಿ ಟೆಸ್ಟು. ಶುಕ್ರವಾರ ಬರವಣಿಗೆ, ಅಲ್ಲಿವರೆಗೂ ದಿನಾ ಬಾಯಿಪಾಠ. ನನ್ನ ಪೀರಿಯಡ್‌ನಲ್ಲಿ ಯಾರೂ ಕನ್ನಡ ಮಾತಾಡೋ ಹಾಗಿಲ್ಲ. ನೀರು ಕುಡಿಯೋಕೆ, ಹೊರಗೆ ಹೋಗೋಕೆ, ರಜೆ ಕೇಳೋಕೆ, ಎಲ್ಲ ಇಂಗ್ಲಿಷ್‌ನಲ್ಲೇ ಕೇಳಬೇಕು. ಇಲ್ಲೇ ಶಬ್ದಗಳಿವೆ, ಇವನ್ನೇ ಉಪಯೋಗಿಸಬೇಕು.'

ಪಾಠ ಯಾವುದೆಂದರೆ ಸೂಟಿ ಚೀಟಿಯದು. ಲೀವ್, ಆಬ್ಸೆಂಟ್, ಫೀವರ್, ಹಾಸ್ಪಿಟಲ್, ಕೈಂಡ್ಲಿ, ಗ್ರಾಂಟ್. ಅವುಗಳ ನಡುವೆ ಒಂದು ಸಣ್ಣ ಶಬ್ದ. ಇಡೀ ವರ್ಗ ಕಂಠ ಹರಿಯುವಂತೆ ಕೂಗಿತು: 'ಐ, ಡಬಲ್ ಎಲ್, ಇಲ್! ಇಲ್ ಅಂದ್ರೆ ಕಾಯಿಲೆ!'

ನಮ್ಮ ಕಡೆಯವರ ನಾಲಗೆ ನಿಮಗೆ ಗೊತ್ತಿರಬಹುದು. ಅರ್ಧಕ್ಕೆ ನಿಂತ ಅಕ್ಷರಕ್ಕೆ ತಾನಾಗಿಯೇ ಒಂದು ಬಾಲ ಹಚ್ಚುತ್ತದೆ. ಬಸ್ ಹೋಗಿ ಬಸ್ಸ ಆಗುತ್ತದೆ, ಸರ್ ಹೋಗಿ ಸರ ಆಗುತ್ತದೆ. ಎರಡನೆಯ ಸಲ ಕೂಗುವಷ್ಟರಲ್ಲಿ ಅದು 'ಇಲ್ಲ' ಆಗಿತ್ತು. ಆಮೇಲೆ ಸರ್ ಅದನ್ನೇ ವಾಕ್ಯ ಮಾಡಿ ಹಲಗೆಯ ಮೇಲೆ ಬರೆದರು. ಮೈ ಮದರ್ ಈಜ್ ಇಲ್. ವರ್ಗ ಕೂಗಿತು: 'ಮೈ ಮದರ್ ಈಜ್ ಇಲ್ಲ!'

ನಾನು ಬಾಯಿ ಮುಚ್ಚಿಕೊಂಡೆ. ಹಿಂದಿನ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು, ಅದನ್ನೇ ನೋಡುತ್ತಾ ಕುಳಿತೆ. ಅದು ಲೊಚಗುಟ್ಟದಿದ್ದರೆ ಸಾಕಾಗಿತ್ತು.

ಮಂಗಳವಾರ ಬಾಯಿಪರೀಕ್ಷೆ. ಒಬ್ಬೊಬ್ಬರೇ ಎದ್ದು ನಿಂತು, ಹಲಗೆಯ ಶಬ್ದ ಹಾಕಿ ಸೂಟಿ ಕೇಳಬೇಕು. ಸರಿಯಾಗಿ ಹೇಳಿದವರಿಗೆ ಸರ್ 'ಗ್ರಾಂಟೆಡ್' ಅನ್ನುತ್ತಿದ್ದರು. ಅದು ಆಟದ ಸೂಟಿ, ಬರೇ ಕೂತುಕೊಳ್ಳುವುದಕ್ಕೆ. ಅವತ್ತು ಮೂಡಲಗಿಯ ಎಲ್ಲ ಅವ್ವಂದಿರೂ ಜಡ್ಡು ಬಿದ್ದರು. ಬೆಳಿಗ್ಗೆ ತಲೆಯ ಮೇಲೆ ಬುಟ್ಟಿ ಹೊತ್ತು ಗಟ್ಟಿಯಾಗಿ ಬೈಯುತ್ತಾ ಸಾಲಿ ಮುಂದೆ ಹಾದುಹೋದ ಹೆಂಗಸಿನ ಮಗ ಎದ್ದು 'ಮೈ ಮದರ್ ಈಜ್ ಇಲ್' ಅಂದ. ಗ್ರಾಂಟೆಡ್. ಒಬ್ಬ ತಂದೆಯನ್ನು ಮಲಗಿಸಿದ, ಒಬ್ಬಳು ಅಜ್ಜಿಯನ್ನು. ಒಬ್ಬ ಧೈರ್ಯ ಮಾಡಿ 'ಮೈ ಸರ್ ಈಜ್ ಇಲ್' ಅಂದ. ಸರ್ ತಾವೂ ನಕ್ಕು ಅವನಿಗೂ ಗ್ರಾಂಟೆಡ್ ಅಂದರು.

ನನ್ನ ಪಾಳಿ ಬಂತು. ಎದ್ದು ನಿಂತೆ. 'ಮೈ ಮದರ್ ಈಜ್' ಅನ್ನುವವರೆಗೆ ಬಂದೆ.

'ಈಜ್...?' ಸರ್ ಹುಬ್ಬು ಏರಿಸಿದರು.

ನಾನು ಹಿಂದೆ ತಿರುಗಿ, ಗೋಡೆಯ ಮೇಲೆ ಹಲ್ಲಿ ಇದೆಯೋ ಅಂತ ನೋಡಿದೆ.

'ಹಲಗೆ ನೋಡಮ್ಮ. ಮೂರೇ ಅಕ್ಷರ.'

ಅವರು ಕಾಯುತ್ತಿದ್ದರು, ನಾನೂ ಕಾಯುತ್ತಿದ್ದೆ. ಕೊನೆಗೆ 'ನಿಂತುಕೊಂಡೇ ನೆನಪು ಮಾಡ್ಕೋ' ಅಂದು ಮುಂದಿನವಳ ಕಡೆ ಹೋದರು. ಗಂಟೆ ಆಗುವವರೆಗೆ ನಿಂತಿದ್ದೆ.

ನನ್ನ ಬಾಜೂ ಕೂಡುತ್ತಿದ್ದವಳು ಒಬ್ಬ ಜೈನ ಕಿರಾಣಿ ವ್ಯಾಪಾರಿಯ ಮಗಳು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಬಾಯಿಗೆ ಬಿಡುವೇ ಇರಲಿಲ್ಲ. ಗಂಟೆ ಆದ ಮೇಲೆ ಕೇಳಿದಳು:

'ಏ, ನಿನಗ ಬರ್ತೈತಲ್ಲ, ಯಾಕ ಹೇಳ್ಲಿಲ್ಲ? ಕಾಲ ಗಟ್ಟಿ ಅದಾವು ಅಂತ ತೋರಸಾಕತ್ತಿದ್ದೇನ?'

ಅವಳಿಗೆ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. 'ನಮ್ಮನ್ಯಾಗೂ ಹಂಗ' ಅಂದಳು. 'ಅಂಗಡಿ ಬಾಗಲಾ ಹಾಕೂ ಮುಂದ ನಮ್ಮ ಕಾಕಾ ಬಂದ್ ಮಾಡ್ತೇನಿ ಅನ್ನೂದಿಲ್ಲ, ವಾಢವತೋ ಅಂತಾರ. ಅಂದ್ರ ಹೆಚ್ಚ ಮಾಡ್ತೇನಿ ಅಂತ.'

ಆ ಸಂಜೆ ಮಾಮಾ ಗೋಕಾಕದಿಂದ ಬಂದು, ಬುತ್ತಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. ಡಬ್ಬಿ ಹೋದಷ್ಟೇ ಭಾರ ಇತ್ತು. ಮುಚ್ಚಳ ತೆಗೆಯುವ ಮೊದಲೇ ಗೊತ್ತಾಯಿತು.

'ನಿಮ್ಮವ್ವ ಕೇಳಿದ್ಲು, ಕೂಸ ಎಂದ ಬರ್ತಾಳಂತ' ಅಂದ.

'ಎಂದ ಹೋಗೂಣು ಮಾಮಾ?'

'ಗುರುವಾರ ನಾ ಮತ್ತ ಹೋಗ್ತೇನಿ. ಮಾಸ್ತರ ಕಡೆ ಸೂಟಿ ತಗೊಂಡ ಬಾ, ಕರ್ಕೊಂಡ ಹೋಗ್ತೇನಿ.'

'ನೀನ ಕೇಳ ಮಾಮಾ.'

'ಅವರ ಮುಂದ ನಾ ಏನ ಮಾತಾಡ್ಲಿ? ಗ್ಯಾರೇಜ ಬಿಟ್ಟ ಬಂದ್ರ ಮಾಲಕ ಬ್ಯಾರೇ ಒದರ್ತಾನ. ನೀ ಶಾಣ್ಯಾಕಿ ಅದಿ, ನೀನ ಕೇಳು.'

ಆಯಿ ಒಲೆಯ ಕಡೆಯಿಂದ ಅಂದಳು: 'ಪರೀಕ್ಷಾ ಮುಗದ ಮ್ಯಾಲ ಐತವಾರ ಹೋಗ್ಲಿ ಬಿಡು. ಸಣ್ಣ ಕೂಸು, ಅಲ್ಲಿ ನೋಡಿ ಹೆದರೀತು.' ಮಾಮಾ ಎದ್ದು ಬಚ್ಚಲಿಗೆ ಹೋದ. ಭಾನುವಾರದವರೆಗೆ ಕಾಯುವ ಮಾತು ಅವನಿಗೆ ಒಪ್ಪಿಗೆಯಾಗಲಿಲ್ಲ ಅನ್ನುವುದು ಅವನು ಮುಖ ತೊಳೆಯಲು ತಗೊಂಡ ಹೊತ್ತಿನಲ್ಲೇ ನನಗೆ ತಿಳಿಯಿತು.

ಈಗ ಲೆಕ್ಕ ಸ್ಪಷ್ಟವಾಗಿತ್ತು. ಬುಧವಾರ ಆ ಶಬ್ದ ಹೇಳಿದರೆ ಸೂಟಿ, ಗುರುವಾರ ಅವ್ವ. ಹೇಳದಿದ್ದರೆ ಸಾಲಿ.

ಅವ್ವ ಹುಕ್ಕೇರಿ ಸಂತೆಯಲ್ಲಿ ಕಾಯಿಪಲ್ಲೆ ತಗೊಳ್ಳುವುದನ್ನು ನೀವು ನೋಡಬೇಕಿತ್ತು. ನನ್ನ ಕೈ ಹಿಡಿದುಕೊಂಡು ಹೋಗಿ, ಬದನೆಕಾಯಿ ಕೈಯಲ್ಲಿ ತಿರುಗಿಸುತ್ತಾ ಸುಮ್ಮನೆ ನಿಲ್ಲುತ್ತಿದ್ದಳು. ಮಾರುವವಳು ದರ ಹೇಳಿದರೂ ಸುಮ್ಮನೆ. ಆಕೆ ಇಳಿಸಿದರೂ ಸುಮ್ಮನೆ. 'ಏನರ ಅನ್ರಲಾ ಅಕ್ಕಾರ' ಅಂತ ಆಕೆಯೇ ಬೇಸತ್ತು ಇನ್ನೂ ಇಳಿಸುತ್ತಿದ್ದಳು. ಆಮೇಲೆ ದಾರಿಯಲ್ಲಿ ಅವ್ವ ನನಗೆ ಹೇಳುತ್ತಿದ್ದಳು: 'ಗಡಬಡಿಸಿ ಬಾಯಿ ಬಿಡಬಾರದವಾ. ನಮಗ ಬೇಕಾಗೈತಿ ಅಂತ ಅವರಿಗೆ ಗೊತ್ತಾಗಬಾರದು.' ನನ್ನ ಅಂಗಡಿ ನಿಂತಿರುವುದೇ ಈ ಮಾತಿನ ಮೇಲೆ. ಮಾಲು ತರಲು ಹೋದಾಗ ಇಂದಿಗೂ ನಾನು ಸುಮ್ಮನೆ ನಿಲ್ಲುತ್ತೇನೆ.

ಆ ರಾತ್ರಿ ಅವ್ವನ ಈ ವಿದ್ಯೆಯನ್ನು ನಾನು ದೇವರ ಮೇಲೆ ಹೂಡಿದೆ. ದೇವರ ಜಗುಲಿಯ ಮುಂದೆ ಕುಳಿತು ಮನಸ್ಸಿನಲ್ಲೇ ಅಂದೆ: ಆ ಮಾತು ನಾ ಆಡೂದಿಲ್ಲ, ನೀ ಅವ್ವನ್ನ ಉಳಸು. ಕೊಡುವುದಕ್ಕೆ ನನ್ನ ಹತ್ತಿರ ಇದ್ದದ್ದು ಆ ಮೌನ ಒಂದೇ. ಆದರೆ ಗುರುವಾರವೂ ಬೇಕಿತ್ತು. ಎರಡನ್ನೂ ಕೈಬಿಡದ ಹಾಗೆ ಒಂದು ದಾರಿ ಹುಡುಕಬೇಕಿತ್ತು.

ದಾರಿ ಹುಡುಕಿಕೊಟ್ಟವಳು ಆ ಬಾಜೂ ಕೂಡುವವಳೇ. ಬುಧವಾರ ಸಾಲಿಗೆ ಬಂದವಳೇ ನನ್ನನ್ನು ನೀರಿನ ಟಾಕಿ ಹಿಂದೆ ಎಳೆದುಕೊಂಡು ಹೋದಳು.

'ಇನ್ನೊಂದ ಶಬ್ದ ಐತಿ. ನಮ್ಮ ಅಣ್ಣನ ಡಿಕ್ಷನರ್‍ಯಾಗ ನೋಡಿ ಬಂದೇನಿ. ಸಿಕ್.'

'ಸಿಕ್ ಅಂದ್ರ?'

'ಅದೂ ಜಡ್ಡನ. ಕೇಳ್ ಹೆಂಗೈತಿ. ಮೈ ಮದರ್ ಈಜ್ ಸಿಕ್. ಅವ್ವ ಸಿಕ್ಕಳು ಅಂದಂಗ. ಅಸ್ತು ಅಂದ್ರ ಅನ್ಲಿ ಬಿಡು.'

ನನಗೆ ಜೀವ ಬಂದ ಹಾಗಾಯಿತು. ಇಡೀ ಮುಂಜಾನೆ ಸಿಕ್, ಸಿಕ್, ಸಿಕ್ ಅಂತ ಒಳಗೊಳಗೇ ಜಪಿಸಿದೆ. ಇಂಗ್ಲಿಷ್ ತಾಸು ಬಂದ ಕೂಡಲೇ ಕರೆಯುವ ಮೊದಲೇ ಎದ್ದು ನಿಂತೆ.

'ಸರ್, ಮೈ ಮದರ್ ಈಜ್ ಸಿಕ್. ಕೈಂಡ್ಲಿ ಗ್ರಾಂಟ್ ಮೀ ಲೀವ್.'

ಸರ್ ಮುಖ ಅರಳಿತು. 'ವೆರಿ ಗುಡ್! ಎಲ್ಲಿ ಕಲಿತೆ ಈ ಶಬ್ದ?' ಅಂದರು. ಆಮೇಲೆ ಹಲಗೆಯ ಕಡೆ ಬೆತ್ತ ತೋರಿಸಿದರು. 'ಆದರೆ ಟೆಸ್ಟ್ ಇರೋದು ಈ ಶಬ್ದಗಳ ಮೇಲೆ. ನಿನ್ನೆ ನೀನು ಇದನ್ನ ಹೇಳ್ಲಿಲ್ಲ. ಈಗ ಇದನ್ನ ಹಾಕಿ ಹೇಳು, ಎರಡೂ ಬರುತ್ತೆ ಅಂತ ಗೊತ್ತಾಗಲಿ.'

'ಸರ್, ನಮ್ಮವ್ವಗ ಖರೇನ ಜಡ್ಡ ಐತ್ರಿ.'

'ಇಂಗ್ಲಿಷ್!'

ಹಿಂದಿನ ಸಾಲಿನಿಂದ ಯಾರೋ ಅಂದರು: 'ನಮ್ಮವ್ವಗೂ ಖರೇನ್ರೀ ಸರ್.' ಇನ್ನೊಬ್ಬ: 'ನಮ್ಮ ಎಮ್ಮಿಗೂ ಖರೇನ್ರೀ.' ವರ್ಗ ಹೋ ಅಂತ ನಕ್ಕಿತು. ಸರ್ ಬೆತ್ತದಿಂದ ಟೇಬಲ್ ತಟ್ಟಿ ಸುಮ್ಮನಿರಿಸಿದರು. ಅವರನ್ನು ನಾನು ಬೈಯುವುದಿಲ್ಲ. ನಿನ್ನೆಯಿಂದ ಊರಿನ ಎಲ್ಲರ ಅವ್ವಂದಿರನ್ನೂ ಮಲಗಿಸಿದ ವರ್ಗದಲ್ಲಿ ಯಾವ ಅವ್ವ ಖರೇ, ಯಾವ ಅವ್ವ ಟೆಸ್ಟು ಅಂತ ಅವರಿಗೆ ಹೇಗೆ ತಿಳಿಯಬೇಕು?

ನನಗೆ ಇನ್ನೊಂದು ಅವಕಾಶ ಇತ್ತು. ಆ ಶಬ್ದವನ್ನು ಮುಟ್ಟದೆ, ಖರೇ ಸಂಗತಿ ಹೇಳುವ ಶಬ್ದ ಬೇಕಿತ್ತು. ಆಯಿಯ ಮನೆಯ ಭಾಷೆಯಲ್ಲಿ ಹುಡುಕಿದೆ. ಜಡ್ಡು ಜೋರಾದರೆ ನಮ್ಮಲ್ಲಿ 'ಹೆಚ್ಚಾಗೈತಿ' ಅನ್ನುತ್ತಾರೆ. 'ಹೆಚ್ಚು' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಐದನೇ ಇಯತ್ತೆಯಲ್ಲೇ ಕಲಿತಿದ್ದೆ.

'ಸರ್, ಮೈ ಮದರ್ ಈಜ್ ಮೋರ್.'

ಸರ್‌ಗೆ ನಗು ತಡೆಯಲಾಗಲಿಲ್ಲ. 'ಮೋರ್? ಮೋರ್ ವಾಟ್? ಮೋರ್ ಟಾಲ್? ಮೋರ್ ಆಂಗ್ರಿ?' ವರ್ಗಕ್ಕೆ ಅರ್ಥವಾಗದಿದ್ದರೂ ಸರ್ ನಕ್ಕರೆಂದು ನಕ್ಕಿತು. 'ಕೂತ್ಕೊಳ್ಳಮ್ಮ. ಶುಕ್ರವಾರ ಬರೀಬೇಕಾದಾಗ ಈ ಥರ ಬರೆದುಬಿಟ್ಟೀಯ' ಅಂದರು.

ಬಾಜೂ ಕೂತವಳು ನನ್ನ ಕೈ ಚಿವುಟಿದಳು. 'ಹೇಳಿಬಿಡಲಾ. ಬಾಯಿಲಿಂದ ಹೇಳು, ಮನಸಿಲಿಂದ ಹೇಳಬ್ಯಾಡ.' ಒಳ್ಳೆಯ ಸಲಹೆ. ಇವತ್ತು ನನ್ನ ಮುಂದೆ ಯಾವುದಾದರೂ ಮಗು ಹೀಗೆ ನಿಂತರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಪ್ಪಂದ ಮಾಡಿಕೊಂಡು ಒಂದು ರಾತ್ರಿ ಕಳೆದಿತ್ತು. ಆ ರಾತ್ರಿ ಅವ್ವ ಬದುಕಿದ್ದಳು. ಎದುರಿನವನು ತನ್ನ ಮಾತು ಉಳಿಸಿಕೊಂಡಿರುವಾಗ ನಾನು ಹೇಗೆ ಮುರಿಯಲಿ? ಕುಳಿತುಕೊಂಡೆ.

ಗುರುವಾರ ಮಾಮಾ ಒಬ್ಬನೇ ಬುತ್ತಿ ಹಿಡಿದು ಹೊರಟ. 'ಸೂಟಿ ಕೊಡ್ಲಿಲ್ಲೇನ?' ಅಂದ. ತಲೆ ಅಲ್ಲಾಡಿಸಿದೆ. 'ಎಂಥಾ ಮಂದಿನೋ' ಅಂದು ಚಪ್ಪಲಿ ಮೆಟ್ಟಿಕೊಂಡ. ಯಾಕೆ ಕೊಡಲಿಲ್ಲ ಅಂತ ನಾನು ವಿವರಿಸಲಿಲ್ಲ. ವಿವರಿಸಬೇಕೆಂದರೆ ಆ ಶಬ್ದ ಹೇಳಬೇಕಾಗುತ್ತಿತ್ತು. ಅವತ್ತು ಸಂಜೆ ಅವನು ಬಂದಾಗ ಆಯಿ ದೀಪ ಹಚ್ಚುತ್ತಿದ್ದಳು.

'ಹೆಂಗದಾಳ?' ಅಂದಳು ಆಯಿ, ತಿರುಗದೆ.

'ಅರಾಮ ಅದಾಳ.'

'ಏನರ ತಿಂದ್ಲೇನ?'

'ಹಾಲ ಕುಡದ್ಲು.' ಮಾಮಾ ನನ್ನ ಕಡೆ ನೋಡಿದ. 'ಕೂಸಿನ ಪರೀಕ್ಷಾ ಹೆಂಗಾಗಾಕತ್ತಾವು ಅಂತ ಕೇಳಿದ್ಲು. ಇಂಗ್ಲೀಷ ಐತಿ, ನಾಳಿಗೆ ಮುಗಿತೈತಿ ಅಂತ ಹೇಳೇನಿ.'

ಡಬ್ಬಿ ಅವತ್ತೂ ಭಾರವಾಗಿಯೇ ಇತ್ತು.

ಶುಕ್ರವಾರ ಬರವಣಿಗೆಯ ಟೆಸ್ಟು. ಸರ್ ಹಲಗೆಯ ಮೇಲೆ ಪ್ರಶ್ನೆ ಬರೆದು, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಕಾಗುಣಿತದ ತಪ್ಪು ತಿದ್ದುವುದು, ಖಾಲಿ ಜಾಗ ತುಂಬುವುದು, ಎಲ್ಲ ಚಕಚಕ ಮುಗಿಸಿದೆ. ಇಂಗ್ಲಿಷ್ ನನಗೆ ಬರುತ್ತಿತ್ತು, ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆ ಏನಿಲ್ಲ. ಕೊನೆಗೆ, ಶಬ್ದ ಹಾಕಿ ವಾಕ್ಯ ಮಾಡಿರಿ. ಎಲ್ಲಕ್ಕೂ ಬರೆದೆ, ಒಂದರ ಮುಂದೆ ಮಾತ್ರ ಜಾಗ ಬಿಟ್ಟೆ. ಬರೆಯುವುದೂ ಆಡಿದ ಹಾಗೇ ಅಲ್ಲವೇ ಅಂತ ಯೋಚಿಸುತ್ತಾ ಪೆನ್ನಿನ ಟೋಪಿ ಕಚ್ಚುತ್ತಿದ್ದೆ.

ಹೊರಗೆ ಸೈಕಲ್ ನಿಂತ ಸಪ್ಪಳ. ನೋಡಿದರೆ ಮಾಮಾ. ಮೈಮೇಲೆ ಗ್ಯಾರೇಜಿನ ಎಣ್ಣೆ ಬಟ್ಟೆ. ಶುಕ್ರವಾರ ಅವನು ಗೋಕಾಕಕ್ಕೆ ಹೋಗುವ ದಿನ ಅಲ್ಲ, ಸಾಲಿಗೆ ಬರುವ ಮನುಷ್ಯನಂತೂ ಅಲ್ಲವೇ ಅಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸರ್ ಕಿವಿಯ ಹತ್ತಿರ ಬಾಗಿ, ಆದರೂ ನನಗೆ ಕೇಳುವ ಹಾಗೆ ಅಂದ:

'ಈ ಹುಡುಗಿ ಅವ್ವಗ ಹೆಚ್ಚಾಗೈತ್ರಿ. ಕರ್ಕೊಂಡ ಹೋಗಬೇಕಾಗೈತಿ.'

ಹೆಚ್ಚಾಗೈತಿ. ಅದೇ ಶಬ್ದ. ನಾನು ಬುಧವಾರ ಇಂಗ್ಲಿಷಿನಲ್ಲಿ ಹೇಳಿ ನಗಿಸಿಕೊಂಡ ಶಬ್ದ. ಜಡ್ಡು ಹೆಚ್ಚಾದರೂ ಅದೇ, ಡಬ್ಬಿಯ ಉಪ್ಪು ಹೆಚ್ಚಿದರೂ ಅದೇ. ಮಾಮಾನ ಮುಖ ನೋಡಿದೆ. ಅವನು ನನ್ನನ್ನು ನೋಡದೆ, ಗೋಡೆಗೆ ತೂಗುಹಾಕಿದ್ದ ಭಾರತದ ನಕಾಶೆ ನೋಡುತ್ತಿದ್ದ.

ಸರ್ ಎದ್ದು ನಿಂತರು. ಅವರ ಮುಖದಲ್ಲಿ ಬುಧವಾರದ್ದೆಲ್ಲ ಒಂದೊಂದಾಗಿ ಹಿಂದಕ್ಕೆ ಬರುತ್ತಿದ್ದುದು ಕಾಣುತ್ತಿತ್ತು. 'ಹೋಗಮ್ಮ' ಅಂದರು. 'ಬೇಗ ಹೋಗು. ಪೇಪರ್ ಅಲ್ಲೇ ಇರಲಿ.'

ನಾನು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ಬಂದು ನಿಂತೆ. ಅವರ ಕಾಯಿದೆ ಇನ್ನೂ ನಡೆಯುತ್ತಿತ್ತು, ವಾರ ಮುಗಿದಿರಲಿಲ್ಲ. ಮತ್ತು ನನ್ನ ಹತ್ತಿರ ಉಳಿಸಿಕೊಳ್ಳುವುದಕ್ಕೆ ಇನ್ನೇನೂ ಇರಲಿಲ್ಲ.

'ಸರ್' ಅಂದೆ, 'ಮೈ ಮದರ್ ಇಲ್ಲ.'

'ಈಜ್' ಅಂದರು ಸರ್, ಬಾಯಿಚಾಳಿಯಿಂದ. 'ಮೈ ಮದರ್ ಈಜ್...' ಅಲ್ಲಿಗೆ ಅವರ ಬಾಯಿ ನಿಂತಿತು. ಅವರೂ ಕನ್ನಡದವರೇ. ಕೈಯಲ್ಲಿದ್ದ ಸುಣ್ಣದ ತುಂಡನ್ನು ಕಿಸೆಗೆ ಹಾಕಿಕೊಂಡು, ನನಗೆ ಹಾದಿ ಬಿಟ್ಟು ನಿಂತರು.

ಬಸ್ಸಿನಲ್ಲಿ ಮಾಮಾ ನನ್ನನ್ನು ಕಿಟಕಿ ಕಡೆ ಕೂಡಿಸಿದ. ಚೌಕಾಶಿ ಮಾಡುವವರಿಗೆ ಒಂದು ಕೆಟ್ಟ ಗುಣ ಇರುತ್ತದೆ. ವ್ಯವಹಾರ ಮುಗಿದ ಮೇಲೂ ಬಿಡುವುದಿಲ್ಲ. ಊರು ದಾಟಿದ ಮೇಲೆ ಕೇಳಿದೆ:

'ಮಾಮಾ, ಹೆಚ್ಚಾಗೈತಿ ಅಂದ್ರ ಜಡ್ಡ ಹೆಚ್ಚಾಗೈತಿ, ಹೌದಿಲ್ಲೋ?'

'ಹೂಂ.'

'ಉಪ್ಪ ಹೆಚ್ಚಿದಂಗ ಅಲ್ಲ?'

ಮಾಮಾ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ. 'ಶೇಂಗಾ ತಿಂತೀ?' ಅಂದ. ಬಸ್ಸಿನಲ್ಲಿ ಶೇಂಗಾ ಮಾರುವವರು ಯಾರೂ ಹತ್ತಿರಲಿಲ್ಲ. ಆಮೇಲೆ ನಾನು ಕೇಳಲಿಲ್ಲ.

ದವಾಖಾನೆಯಲ್ಲಿ ಅವ್ವನ ಕಾಟಿನ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಬಾಜೂ ಕಾಟಿನಲ್ಲಿ ಮೇಲವಂಕಿಯ ಒಬ್ಬ ಮುದುಕಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದಳು. ನನ್ನ ಪಾಟಿಚೀಲ ನೋಡಿದ ಕೂಡಲೇ ಅವಳಿಗೆ ನಾನು ಯಾರೆಂದು ತಿಳಿಯಿತು. ಹತ್ತಿರ ಕರೆದು ಕೆನ್ನೆ ಸವರಿದಳು.

'ನೀನೇನವಾ ಇಂಗ್ಲೀಷ ಪರೀಕ್ಷಾ ಬರ್‍ಯಾಕಿ? ನಿನ್ನೆ ನಿಮ್ಮ ಮಾಮಾ ಹೋದ ಮ್ಯಾಲ ಬಂದ ಬಂದವರಿಗೆಲ್ಲಾ ಹೇಳಾಕತ್ತಿದ್ಲು. ನರ್ಸಬಾಯಿಗೂ ಹೇಳಿದ್ಲು. ನನ್ನ ಮಗಳಿಗೆ ಇಂಗ್ಲೀಷ ಐತಿ, ಅದಕ್ಕ ಬಂದಿಲ್ಲಂತ.' ನನ್ನ ಗದ್ದ ಎತ್ತಿ ಕೇಳಿದಳು, 'ಚಲೋ ಬರದೇನು?'

'ಬರದೇನ್ರಿ' ಅಂದೆ. ಖಾಲಿ ಬಿಟ್ಟ ಜಾಗದ ಮಾತು ಆಕೆಗೆ ಯಾಕೆ?

ಆ ವಾರ ನಾನು ಮಾಡಿದ ವ್ಯಾಪಾರವನ್ನು ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದೇನೆ. ಮಾತಿನಿಂದ ಯಾರೂ ಸಾಯುವುದಿಲ್ಲ, ಮೌನದಿಂದ ಯಾರೂ ಉಳಿಯುವುದಿಲ್ಲ, ಇದು ಈಗ ನನಗೆ ಗೊತ್ತು. ಆಗ ಗೊತ್ತಿದ್ದರೆ ಒಂದು ಗುರುವಾರ ಸಿಗುತ್ತಿತ್ತು. ಅವಳು ಹಾಲು ಕುಡಿಯುವುದನ್ನು ನೋಡುತ್ತಿದ್ದೆ. ಹೆಚ್ಚೇನೂ ಅಲ್ಲ, ಅಷ್ಟೇ. ಅದಕ್ಕೇ ಅಂಗಡಿಯ ಹುಡುಗಿಯರು ಸೂಟಿ ಕೇಳಲು ಬಂದು 'ಅಕ್ಕಾರ, ಮನ್ಯಾಗ ಅವ್ವಗ...' ಅಂತ ಶುರು ಮಾಡಿದರೆ ನಾನು ಪೂರಾ ಹೇಳಲು ಬಿಡುವುದಿಲ್ಲ. 'ಹೋಗಿ ಬಾ' ಅನ್ನುತ್ತೇನೆ. ಕೆಲವರು ಸುಳ್ಳು ಹೇಳಿ ಸಿನಿಮಾಕ್ಕೆ ಹೋಗುತ್ತಾರೆ, ಅದೂ ಗೊತ್ತು. ಹೋಗಲಿ. ಮಂದಿಯನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟೇ. ಸೂಟಿ ಕೊಡುವುದಿದ್ದರೆ ಕಾರಣ ಕೇಳದೆ ಕೊಡಿರಿ. ಕಾರಣ ಹೇಳಲು ಬಾರದವರೇ ಖರೇ ಹೋಗಬೇಕಾದವರು ಇರುತ್ತಾರೆ.

ದವಾಖಾನೆಯ ಎದುರು ಒಂದು ಎಸ್‌ಟಿಡಿ ಬೂತ್ ಇತ್ತು. ಅಪ್ಪ ನನ್ನ ಕೈ ಹಿಡಿದುಕೊಂಡು ಅಲ್ಲಿಗೆ ಹೋದ. ಹುಕ್ಕೇರಿಗೆ, ಇನ್ನೂ ಎಲ್ಲೆಲ್ಲಿಗೋ, ನಮ್ಮ ಮಂದಿಗೆ ಫೋನು ಹಚ್ಚಿದ. ಗಾಜಿನ ಪೆಟ್ಟಿಗೆಯಲ್ಲಿ ಇಬ್ಬರಿಗೂ ಜಾಗ ಸಾಲದೆ ನಾನು ಅವನ ಮೊಣಕೈಗೆ ಒತ್ತಿಕೊಂಡು ನಿಂತಿದ್ದೆ. ಪ್ರತಿ ಸಲವೂ ಅಪ್ಪ ಅದೇ ದನಿಯಲ್ಲಿ ಅದೇ ಮಾತು ಅಂದ: 'ಆಕಿಗೆ ಹೆಚ್ಚಾಗೈತಿ. ಲಗೂನ ಬರ್ರಿ.' ಆ ಕಡೆಯವರು ಏನೋ ಕೇಳುತ್ತಿದ್ದರು. 'ಹೂಂ, ಹೆಚ್ಚಾಗೈತಿ' ಅನ್ನುತ್ತಿದ್ದ, ಅಷ್ಟೇ. ಅವರೆಲ್ಲ ಬಸ್ಸಿನಲ್ಲಿ ಕುಳಿತು ನನ್ನ ಹಾಗೇ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಬಂದಿರಬೇಕು.

ಆ ಇಡೀ ದಿನ 'ಇಲ್ಲ' ಅನ್ನುವ ಮಾತನ್ನು ಬಾಯಿಬಿಟ್ಟು ಆಡಿದವಳು ನಾನೊಬ್ಬಳೇ, ಅದೂ ಇಂಗ್ಲಿಷಿನಲ್ಲಿ.